12,34,56,789ನ್ನು ಕೈಯಲ್ಲೇ ಅವಿಭಾಜ್ಯ ಅಪವರ್ತನಗಳಾಗಿ ಒಡೆಯೋದು ಹೇಗೆ?

ಕ್ಯಾಲ್ಕುಲೇಟರ್ ಪಕ್ಕಕ್ಕಿಡಿ, ಪೆನ್ನು ಕಾಗದ ಸಾಕು. ಮೊದಲು ಅಂಕಿಗಳನ್ನು ಕೂಡಿ: 45. ಅದು 9ರಿಂದ ಭಾಗವಾಗುತ್ತದೆ, ಅಂದಮೇಲೆ ಇಡೀ ಸಂಖ್ಯೆಯೂ ಆಗುತ್ತದೆ. ಭಾಗಿಸಿದರೆ 1,37,17,421. ಇದರ ಅಂಕಿಗಳ ಮೊತ್ತ 26, ಹಾಗಾಗಿ 3ರ ಕಥೆ ಇಲ್ಲಿಗೆ ಮುಗಿಯಿತು.

ಸುಸ್ತಾಗೋದು ಇಲ್ಲೇ. 7, 11, 13 ಅಂತ ಒಂದೊಂದೇ ಅವಿಭಾಜ್ಯ ಸಂಖ್ಯೆಯಿಂದ ಭಾಗಿಸುತ್ತಾ ಕೂತರೆ ಉತ್ತರ ಸಿಗುವ ಹೊತ್ತಿಗೆ 500 ಸಲ ಭಾಗಿಸಿರುತ್ತೀರಿ, ಸುಮ್ನೆ ತಲೆನೋವು ಅಲ್ವಾ? ಅದರ ಬದಲು 17ನೇ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ ತೋರಿಸಿದ ದಾರಿ ಹಿಡಿಯಿರಿ. 1,37,17,421ರ ವರ್ಗಮೂಲ 3703.7ರ ಆಸುಪಾಸು. ಅದಕ್ಕಿಂತ ದೊಡ್ಡದಾದ ಮುಂದಿನ ಪೂರ್ಣಾಂಕ 3704. ಅದರ ವರ್ಗದಿಂದ 1,37,17,421ನ್ನು ಕಳೆಯಿರಿ. 2,195 ಉಳಿಯುತ್ತದೆ, ಅದು ಪೂರ್ಣ ವರ್ಗ ಅಲ್ಲ. 3705 ಹಿಡಿಯಿರಿ: ಅದರ ವರ್ಗ 1,37,27,025ರಲ್ಲಿ ಕಳೆದರೆ 9,604, ಅಂದರೆ 98ರ ವರ್ಗ! ಎರಡನೇ ಏಟಿಗೇ ಬಿತ್ತು.

ಅಂದರೆ ನಮ್ಮ ಸಂಖ್ಯೆ 3705ರ ವರ್ಗ ಕಳೆ 98ರ ವರ್ಗ, ಅದು (3705 + 98) × (3705 − 98)ಕ್ಕೆ ಸಮ. ಈಗ 3705ಕ್ಕೆ 98 ಕೂಡಿಸಿ, 3803. ಕಳೆಯಿರಿ, 3607. ಎರಡೂ ಅವಿಭಾಜ್ಯವೇ, ನಂಬಿಕೆ ಇಲ್ಲದಿದ್ದರೆ 61ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿ. ಒಟ್ಟು 3 × 3 × 3607 × 3803, ಭಾಜಕಗಳು 12.

ಒಂದು ಮಾತು: ಎರಡು ಅಪವರ್ತನಗಳು ಹತ್ತಿರ ಹತ್ತಿರ ಇದ್ದರೆ ಮಾತ್ರ ಇದು ಇಷ್ಟು ಬೇಗ ಆಗುತ್ತದೆ.