ಅಮೆರಿಕದ ಕಾಲೇಜಿಗೆ ವರ್ಗಾವಣೆ: ಅಧ್ಯಾಪಕರೂ ಕಚೇರಿಯೂ ತುಂಬಬೇಕಾದ ನಮೂನೆಗಳು

ಮೈಸೂರಿನಲ್ಲೋ ಮಂಡ್ಯದಲ್ಲೋ ಪದವಿಯ ಮೊದಲ ಒಂದೆರಡು ವರ್ಷ ಓದಿ, ಅಲ್ಲಿಂದ ಅಮೆರಿಕದ ಕಾಲೇಜಿಗೆ ವರ್ಗಾವಣೆ ಬಯಸುವ ವಿದ್ಯಾರ್ಥಿಗಳು ತಾವು ಬರೆಯಬೇಕಾದ ಪ್ರಬಂಧಕ್ಕಾಗಿ ತಿಂಗಳುಗಟ್ಟಲೆ ಶ್ರಮಿಸುತ್ತಾರೆ. ಬೇರೆಯವರು ತುಂಬಬೇಕಾದ ನಮೂನೆಗಳನ್ನು ಮಾತ್ರ ಕೊನೆಯ ವಾರಕ್ಕೆ ಉಳಿಸಿಕೊಳ್ಳುತ್ತಾರೆ. ಮಂಡ್ಯದಲ್ಲಿ ರಸಾಯನಶಾಸ್ತ್ರ ಪಾಠ ಹೇಳುವ ನಾನು ಇಂಥ ನಮೂನೆಗಳನ್ನು ಹಲವು ಬಾರಿ ತುಂಬಿಕೊಟ್ಟಿದ್ದೇನೆ. ಅರ್ಜಿಯ ಈ ಭಾಗ ಸೊರಗುವುದು ಅಧ್ಯಾಪಕರಿಗೆ ಮನಸ್ಸಿಲ್ಲದೆ ಅಲ್ಲ, ನಮೂನೆ ನಿಜವಾಗಿ ಏನನ್ನು ಕೇಳುತ್ತಿದೆ ಎಂದು ಅವರಿಗೆ ಯಾರೂ ತಿಳಿಸದೆ ಇರುವುದರಿಂದ.

ಹಲವು ಕಾಲೇಜುಗಳು ಬಳಸುವ ಕಾಮನ್ ಆ್ಯಪ್ ಎಂಬ ಆನ್‌ಲೈನ್ ಅರ್ಜಿ ತಾಣದಲ್ಲಿ ವರ್ಗಾವಣೆಯ ಅರ್ಜಿಯೇ ಬೇರೆ. ಅದರೊಂದಿಗೆ ಸಾಮಾನ್ಯವಾಗಿ ಕಾಲೇಜ್ ರಿಪೋರ್ಟ್, ಮಿಡ್‌ಟರ್ಮ್ ರಿಪೋರ್ಟ್, ಅಧ್ಯಾಪಕರ ಶಿಫಾರಸು ಅಥವಾ ಮೌಲ್ಯಮಾಪನ, ಕೆಲವೆಡೆ ಪಿಯು ಕಾಲೇಜಿನ ವರದಿಯೂ ಬೇಕಾಗುತ್ತವೆ. ಎಲ್ಲ ಕಾಲೇಜುಗಳೂ ಎಲ್ಲವನ್ನೂ ಕೇಳುವುದಿಲ್ಲ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯವಂತೂ ಅರ್ಜಿಯ ಹಂತದಲ್ಲಿ ಶಿಫಾರಸು ಪತ್ರವನ್ನೇ ಬಯಸುವುದಿಲ್ಲ. ಆದ್ದರಿಂದ ಯಾರ ಬಳಿಗೆ ಹೋಗುವುದಕ್ಕೂ ಮೊದಲು, ಯಾವ ಕಾಲೇಜಿಗೆ ಯಾವ ನಮೂನೆ, ಕೊನೆಯ ದಿನ ಯಾವುದು ಎಂಬುದನ್ನು ಒಂದೇ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಕಾಲೇಜ್ ರಿಪೋರ್ಟ್ ತುಂಬಬೇಕಾದವರು ನಿಮ್ಮ ಅಂಕಗಳ ದಾಖಲೆಯನ್ನೂ ಶಿಸ್ತಿನ ದಾಖಲೆಯನ್ನೂ ನೋಡಬಲ್ಲ ಅಧಿಕಾರಿ. ನಮ್ಮಲ್ಲಿ ಅವರು ಪ್ರಾಂಶುಪಾಲರು. ಇಲ್ಲೊಂದು ಎಚ್ಚರಿಕೆ ಅಗತ್ಯ. ಕಚೇರಿಯ ಕಿಟಕಿಯಲ್ಲಿ ನಿಂತು ‘ವರ್ಗಾವಣೆ’ ಎಂದೊಡನೆ ಗುಮಾಸ್ತರು ವರ್ಗಾವಣೆ ಪತ್ರದ, ಅಂದರೆ ಟಿಸಿಯ, ಅರ್ಜಿಯನ್ನು ಮುಂದೆ ಚಾಚುತ್ತಾರೆ. ಅದನ್ನು ತುಂಬಬೇಡಿ. ಟಿಸಿ ಪಡೆದರೆ ಇಲ್ಲಿನ ದಾಖಲಾತಿಯೇ ಮುಗಿಯುತ್ತದೆ. ಅಲ್ಲಿ ಸೀಟು ಸಿಗದಿದ್ದರೆ ಮರಳಿ ಬರಲು ಜಾಗವಿರುವುದಿಲ್ಲ. ನೀವು ಈಗ ಇಲ್ಲಿ ಓದುತ್ತಿದ್ದೀರಿ, ನಿಮ್ಮ ಮೇಲೆ ಶಿಸ್ತುಕ್ರಮ ಇದೆ ಅಥವಾ ಇಲ್ಲ ಎಂಬ ದೃಢೀಕರಣವಷ್ಟೇ ಬೇಕೆಂದು ಪ್ರಾಂಶುಪಾಲರಿಗೆ ಒಂದು ಪುಟದ ಮನವಿ ಬರೆದು, ನಮೂನೆಯನ್ನು ಅದಕ್ಕೆ ಲಗತ್ತಿಸಿ ಕೊಡಿ. ಪ್ರತ್ಯೇಕ ನಡತೆ ಪ್ರಮಾಣ ಪತ್ರ ಕೊಟ್ಟರೂ ನಮೂನೆಯಲ್ಲಿನ ಪ್ರಶ್ನೆಗಳಿಗೆ ಅಲ್ಲೇ ಉತ್ತರ, ಸಹಿ, ಮೊಹರು ಇರಬೇಕು.

ಮಿಡ್‌ಟರ್ಮ್ ರಿಪೋರ್ಟ್ ಈ ಸೆಮಿಸ್ಟರಿನಲ್ಲಿ ಓದುತ್ತಿರುವ ಪ್ರತಿ ವಿಷಯದಲ್ಲಿ ಇದುವರೆಗಿನ ಸಾಧನೆಯನ್ನು ಕೇಳುತ್ತದೆ. ಸೆಮಿಸ್ಟರಿನ ಕೊನೆಯ ಪರೀಕ್ಷೆಯನ್ನು ವಿಶ್ವವಿದ್ಯಾಲಯ ನಡೆಸುವಾಗ ನಮ್ಮ ಕೈಯಲ್ಲಿರುವುದು ಆಂತರಿಕ ಅಂಕಗಳು ಮಾತ್ರ. ಎಷ್ಟಕ್ಕೆ ಎಷ್ಟು ಬಂದಿದೆಯೋ ಹಾಗೆಯೇ ಬರೆಸಿ, ಅದು ಆಂತರಿಕ ಅಂಕ ಎಂಬ ಒಂದು ಸಾಲನ್ನು ಸೇರಿಸಲು ಕೋರಿ. ನೀವಾಗಿಯೇ ಅದನ್ನು ಎ, ಬಿ ಗ್ರೇಡಿಗೆ ಪರಿವರ್ತಿಸಬೇಡಿ. ಅಧಿಕೃತ ಟ್ರಾನ್ಸ್‌ಕ್ರಿಪ್ಟ್, ಅಂದರೆ ಇದುವರೆಗಿನ ಎಲ್ಲ ವಿಷಯಗಳ ಅಂಕಗಳ ದಾಖಲೆ, ಇದಕ್ಕಿಂತ ಬೇರೆ. ಮೈಸೂರು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಪರೀಕ್ಷಾಂಗ ಕುಲಸಚಿವರ ಕಚೇರಿಗೂ, ಎಂಜಿನಿಯರಿಂಗ್‌ನವರು ವಿಟಿಯುಗೂ, ಸ್ವಾಯತ್ತ ಕಾಲೇಜಿನವರು ತಮ್ಮ ಪರೀಕ್ಷಾ ವಿಭಾಗಕ್ಕೂ ಮುಂಚಿತವಾಗಿ ಅರ್ಜಿ ಹಾಕಬೇಕು.

ಹೆಚ್ಚು ಗಮನ ಬೇಡುವುದು ಅಧ್ಯಾಪಕರ ಮೌಲ್ಯಮಾಪನ. ನಾನು ಮೊದಲ ಸಲ ಇಂಥ ನಮೂನೆ ತುಂಬಿದಾಗ ವಿದ್ಯಾರ್ಥಿನಿಯ ಎಲ್ಲ ಗುಣಗಳ ಮುಂದೆಯೂ ‘ಗುಡ್’ ಎಂಬ ಮನೆಯಲ್ಲಿ ಗುರುತು ಹಾಕಿದೆ. ಅವಳು ತರಗತಿಯ ಅತ್ಯುತ್ತಮ ವಿದ್ಯಾರ್ಥಿನಿಯರಲ್ಲಿ ಒಬ್ಬಳಾಗಿದ್ದಳು, ನಾನು ಮೆಚ್ಚುಗೆಯಿಂದಲೇ ಹಾಗೆ ಮಾಡಿದ್ದೆ. ಕಾಮನ್ ಆ್ಯಪ್‌ನ ಅಧ್ಯಾಪಕರ ನಮೂನೆಯ ಶ್ರೇಣಿಯಲ್ಲಿ ‘ಗುಡ್’ ಕೆಳಗಿನಿಂದ ಮೂರನೆಯದು. ಅದರ ಮೇಲೆ ವೆರಿ ಗುಡ್, ಮೊದಲ ಶೇ. 10ರೊಳಗಿನವರಿಗೆ ಎಕ್ಸಲೆಂಟ್, ಶೇ. 5ರೊಳಗಿನವರಿಗೆ ಔಟ್‌ಸ್ಟ್ಯಾಂಡಿಂಗ್, ಅದಕ್ಕೂ ಮೇಲೆ ಶೇ. 1ರವರಿಗೊಂದು ಮನೆ, ಹೀಗೆ ನಾಲ್ಕು ಮೆಟ್ಟಿಲುಗಳಿವೆ. ನನ್ನ ಗುರುತುಗಳು ಅವಳನ್ನು ಸಾಧಾರಣಕ್ಕಿಂತ ತುಸು ಮೇಲಿನವಳೆಂದು ಹೇಳಿದ್ದವು. ಅದು ಇಂದಿಗೂ ನನ್ನನ್ನು ಕಾಡುತ್ತದೆ. ಹೀಗಾಗಿ ಖಾಲಿ ನಮೂನೆಯನ್ನು ಅಧ್ಯಾಪಕರ ಮುಂದಿಟ್ಟು ಈ ಶ್ರೇಣಿಯನ್ನು ವಿನಯದಿಂದ ತೋರಿಸಿ. ಎಲ್ಲದಕ್ಕೂ ತುತ್ತತುದಿಯ ಗುರುತು ಕೇಳುವುದೂ ತಪ್ಪೇ. ತಾವು ಕಂಡಿರದ ಗುಣದ ಮುಂದೆ, ಹೇಳಲು ಆಧಾರವಿಲ್ಲ ಎಂಬ ಮನೆಯನ್ನು ಅವರು ಸಂಕೋಚವಿಲ್ಲದೆ ಬಳಸಬಹುದು.

ಪತ್ರವನ್ನು ಯಾರಿಂದ ಬರೆಸಬೇಕು? ವಿಭಾಗದ ಮುಖ್ಯಸ್ಥರಿಂದಲೋ ನೆಂಟರ ಪರಿಚಯದ ದೊಡ್ಡ ಹುದ್ದೆಯವರಿಂದಲೋ ಅಲ್ಲ, ನಿಮ್ಮ ಕೆಲಸವನ್ನು ಹತ್ತಿರದಿಂದ ಕಂಡವರಿಂದ. ಪ್ರಯೋಗಶಾಲೆಯಲ್ಲಿ ಬ್ಯೂರೆಟ್ಟಿನ ರೀಡಿಂಗ್ ಮೂರು ಸಲವೂ ಹೊಂದದೆ ಹೋದಾಗ, ಪಕ್ಕದವರ ಅಂಕಿಯನ್ನು ನೋಡಿ ಬರೆದುಕೊಳ್ಳದೆ, ಬ್ಯೂರೆಟ್ ತೊಳೆದು ದ್ರಾವಣವನ್ನು ಹೊಸದಾಗಿ ತಯಾರಿಸಿಕೊಂಡು ಸಂಜೆಯವರೆಗೂ ನಿಂತ ಹುಡುಗನೊಬ್ಬನ ಬಗ್ಗೆ ನಾನು ಬರೆದಿದ್ದೇನೆ. ‘ಶ್ರಮಜೀವಿ, ವಿಧೇಯ, ಸನ್ನಡತೆಯವನು’ ಎಂಬ ಸಿದ್ಧ ಮಾತುಗಳಿಗಿಂತ ಆ ಒಂದು ಸಂಜೆ ಹೆಚ್ಚು ಹೇಳುತ್ತದೆ. ಅಧ್ಯಾಪಕರಿಗೆ ಅಂಕಪಟ್ಟಿಗಳ ಪ್ರತಿ, ವರ್ಗಾವಣೆಯ ಕಾರಣವನ್ನು ಹೇಳುವ ಅರ್ಧ ಪುಟ, ಅವರ ತರಗತಿಯಲ್ಲಿ ನೀವು ಮಾಡಿದ ಕೆಲಸಗಳ ನೆನಪೋಲೆ ಕೊಡಿ. ನಮ್ಮಲ್ಲಿ ಪ್ರಥಮ ದರ್ಜೆ ಶೇ. 60ಕ್ಕೇ ಆರಂಭವಾಗುತ್ತದೆ ಎಂಬುದು ಅಲ್ಲಿ ಓದುವವರಿಗೆ ತಿಳಿದಿರಲಾರದು. ತರಗತಿಯಲ್ಲಿ ನಿಮ್ಮ ಸ್ಥಾನವನ್ನು ಪತ್ರದಲ್ಲಿ ಹೇಳಲು ಕೋರಿ.

“ನೀನೇ ಬರೆದು ತಾ, ಸಹಿ ಮಾಡಿಕೊಡುತ್ತೇನೆ” ಎಂದು ಹೇಳುವ ಮೇಷ್ಟ್ರುಗಳು ಇದ್ದಾರೆ. ಕೆಲಸದ ಹೊರೆಯಿಂದ ಬರುವ ಮಾತು ಅದು, ಆದರೂ ಒಪ್ಪಬೇಡಿ. ವಿದ್ಯಾರ್ಥಿಯೇ ಬರೆದ ಪತ್ರ ಅಧ್ಯಾಪಕರದೆಂದು ಹೋಗುವುದು ಸುಳ್ಳು, ಒಂದೇ ಕೈಯ ಎರಡು ಪತ್ರಗಳು ಓದುವವರಿಗೆ ಗೊತ್ತಾಗಿಬಿಡುತ್ತವೆ. “ಸರ್, ನೀವು ಹೇಳುತ್ತಾ ಹೋಗಿ, ನಾನು ಟಿಪ್ಪಣಿ ಮಾಡಿಕೊಡುತ್ತೇನೆ, ಪತ್ರ ಮಾತ್ರ ನಿಮ್ಮದೇ ಇರಲಿ” ಎಂದರೆ ಹೆಚ್ಚಿನವರು ಒಪ್ಪುತ್ತಾರೆ.

ನಮೂನೆಯಲ್ಲಿ ಪತ್ರವನ್ನು ನೋಡುವ ಹಕ್ಕನ್ನು ಬಿಟ್ಟುಕೊಡುವಿರಾ ಎಂಬ ಪ್ರಶ್ನೆಯಿರುತ್ತದೆ. ಅಮೆರಿಕದ 1974ರ ಫೆರ್ಪಾ ಕಾಯ್ದೆ ವಿದ್ಯಾರ್ಥಿಗೆ ತನ್ನ ದಾಖಲೆಗಳನ್ನು ನೋಡುವ ಹಕ್ಕು ಕೊಟ್ಟಿದೆ, ಅದನ್ನು ಬಿಡಲೇಬೇಕೆಂದಿಲ್ಲ. ಬಿಟ್ಟುಕೊಡುವುದೇ ಲೇಸೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಗೋಪ್ಯವಾಗಿ ಬರೆದ ಪತ್ರಕ್ಕೆ ಹೆಚ್ಚು ಬೆಲೆ. ಬಿಟ್ಟುಕೊಟ್ಟ ಮೇಲೆ “ಒಮ್ಮೆ ತೋರಿಸಿ ಮೇಡಂ” ಎಂದು ಕೇಳಬಾರದು.

ಅಧ್ಯಾಪಕರ ಹೆಸರನ್ನು ನಮೂದಿಸುವಾಗ ಕಾಲೇಜು ಕೊಟ್ಟಿರುವ ಇಮೇಲ್ ವಿಳಾಸವಿದ್ದರೆ ಅದನ್ನೇ ಕೊಡಿ. ಕೋರಿಕೆಯ ಮಿಂಚಂಚೆ ಸ್ಪ್ಯಾಮ್‌ಗೆ ಹೋಗಿಬಿಡುವುದುಂಟು. ಕಳುಹಿಸಿದ ದಿನವೇ ಎದುರು ಕುಳಿತು ಅದು ಬಂದಿದೆಯೇ ಎಂದು ನೋಡಿಕೊಳ್ಳಿ. ಶರತ್ಕಾಲದ (ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ತರಗತಿ ಆರಂಭವಾಗುವ) ಪ್ರವೇಶಕ್ಕೆ ಅನೇಕ ಕಡೆ ಮಾರ್ಚ್ ತಿಂಗಳು ಗಡುವು, ಆದ್ದರಿಂದ ಸಂಕ್ರಾಂತಿಗೆ ಮೊದಲೇ ಕೇಳಿಬಿಡಿ. ವಸಂತದ (ಜನವರಿ ಹೊತ್ತಿಗೆ ತರಗತಿ ಆರಂಭವಾಗುವ) ಪ್ರವೇಶಕ್ಕೆ ಅಕ್ಟೋಬರ್, ನವೆಂಬರ್‌ನಲ್ಲಿ ಗಡುವಿರುವುದರಿಂದ ದಸರಾ ರಜೆಯಲ್ಲಿ ಕಚೇರಿ ಮುಚ್ಚಿ ಸಿಕ್ಕಿಬೀಳುವ ಅಪಾಯವಿದೆ; ಪ್ರಾಂಶುಪಾಲರ ಸಹಿ ಗಣಪತಿ ಹಬ್ಬದ ಹೊತ್ತಿಗೇ ಆಗಿರಲಿ. ಗಡುವಿಗೆ ಹತ್ತು ದಿನವಿರುವಾಗ ಒಮ್ಮೆ ನೆನಪಿಸಿ. ಕಾಲೇಜಿನ ತೀರ್ಮಾನ ಬಂದ ದಿನ, ಅದು ಹೌದಾದರೂ ಇಲ್ಲವಾದರೂ, ಪತ್ರ ಬರೆದವರ ಮನೆಗೋ ಕೊಠಡಿಗೋ ಹೋಗಿ ತಿಳಿಸಿ ಬನ್ನಿ.