ಮನೆ ಪ್ರಿಂಟರ್‌ನಲ್ಲಿ ಬೈಕ್ ಸ್ಟಿಕ್ಕರ್: ಒಂದು ಮಳೆಗಾಲ, ಒಂದು ಬೇಸಿಗೆ ದಾಟಿತು

ಇಂಕ್‌ಜೆಟ್ ಸ್ಟಿಕ್ಕರ್ ಗಾಡಿ ಮೇಲೆ ನಿಲ್ಲುವುದೇ ಇಲ್ಲ ಅಂತ ಶಿವಮೊಗ್ಗದಲ್ಲಿ ರೇಡಿಯಂ ಕಟಿಂಗ್ ಮಾಡುವವರಿಂದ ಹಿಡಿದು ಫ್ಲೆಕ್ಸ್ ಹೊಡೆಯುವವರ ತನಕ ಎಲ್ಲರೂ ಹೇಳಿದ್ದರು. ಈಗ ಒಂದು ಮಳೆಗಾಲ ಪೂರ್ತಿ ಕಳೆಯಿತು, ಏಪ್ರಿಲ್-ಮೇ ಬಿಸಿಲೂ ಮುಗಿಯಿತು. ನನ್ನ ಗಾಡಿಯ ಟ್ಯಾಂಕ್ ಪಕ್ಕದ ಕನ್ನಡ ಬಾವುಟ ಇನ್ನೂ ಹಳದಿ-ಕೆಂಪಾಗಿಯೇ ಇದೆ.

ನನ್ನದು ಎಪ್ಸನ್ ಎಲ್130 ಇಂಕ್ ಟ್ಯಾಂಕ್ ಪ್ರಿಂಟರ್. ಶುರುವಿನಲ್ಲಿ ಜೊತೆಗೆ ಬಂದ ಡೈ ಇಂಕ್‌ನಲ್ಲೇ (ನೀರಿನಲ್ಲಿ ಕರಗಿದ ಬಣ್ಣ) ಹೊಡೆದೆ, ಮೇಲೆ ಕೋಲ್ಡ್ ಲ್ಯಾಮಿನೇಷನ್, ಅಂದರೆ ಬಿಸಿ ಮಾಡದೆ ಅಂಟಿಸುವ ಪಾರದರ್ಶಕ ಹಾಳೆ. ನೋಡಲು ಬಹಳ ಚೆನ್ನಾಗಿತ್ತು. ರಾಜ್ಯೋತ್ಸವಕ್ಕೆ ಅಂಟಿಸಿದ್ದು ಸಂಕ್ರಾಂತಿ ಹೊತ್ತಿಗೆ ತಿಳಿ ಗುಲಾಬಿ! ನಮ್ಮ ಪ್ರಿಂಟರ್‌ಗೆ ಕೆಂಪು ಅಂದರೆ ಮೆಜೆಂಟಾ ಮತ್ತು ಹಳದಿ, ಬಿಸಿಲಿಗೆ ಬೇಗ ಹೋಗುವುದೂ ಆ ಎರಡೇ. ಅಂಗಡಿ ಗಾಜಿನ ಮೇಲಿನ ಹಳೇ ಪೋಸ್ಟರ್‌ಗಳು ನೀಲಿಗೆ ತಿರುಗುವುದನ್ನು ನೋಡಿದ್ದೀರಲ್ವಾ, ಅದೇ ಕಥೆ. ನನ್ನಿಂದ ಕೊಂಡಿದ್ದ ಸುಮಾರು 40 ಜನಕ್ಕೆ ದುಡ್ಡು ವಾಪಸ್ ಕೊಟ್ಟೆ. ಶೀಟು, ಇಂಕು ಎಲ್ಲ ಸೇರಿ ಎರಡೂವರೆ ಸಾವಿರ ಹೋಗಿರಬೇಕು.

ಪ್ರಿಂಟರ್‌ನ ಟ್ಯಾಂಕ್, ಟ್ಯೂಬ್ ಎಲ್ಲ ತೊಳೆದು ಪಿಗ್ಮೆಂಟ್ ಇಂಕ್ (ನೀರಿನಲ್ಲಿ ಕರಗದ ಬಣ್ಣದ ಕಣಗಳಿರುವ ಇಂಕ್) ಹಾಕಿದೆ. 100 ಮಿಲಿಗೆ 300-400 ರೂಪಾಯಿ, ಅದೂ ನಾಲ್ಕು ಬಣ್ಣ. ಬಣ್ಣದ ಕಾಟ ಅಲ್ಲಿಗೆ ಮುಗಿಯಿತು, ಇಂಕ್ ಚಿಮ್ಮುವ ಹೆಡ್ಡಿನ ಕಾಟ ಶುರುವಾಯಿತು. ಪಿಗ್ಮೆಂಟ್ ತಳಕ್ಕೆ ಕೂರುತ್ತದೆ, ಸುಮ್ನೆ ಬಿಟ್ಟರೆ ಹೆಡ್ ಕಟ್ಟುತ್ತದೆ. ಆರ್ಡರ್ ಇರಲಿ ಬಿಡಲಿ, ವಾರಕ್ಕೆರಡು ಸಲ ನಾಝಲ್ ಚೆಕ್ (ಹೆಡ್ಡಿನ ತೂತು ಕಟ್ಟಿದೆಯಾ ಅಂತ ನೋಡುವ ಪ್ರಿಂಟ್) ಹೊಡೆಯುತ್ತೇನೆ.

ಆಮೇಲೆ ಮಳೆ ಬಂತು. ಬಣ್ಣ ಗಟ್ಟಿಯಾಗಿಯೇ ಇತ್ತು, ಆದರೆ ಅಂಚಿನಲ್ಲಿ ಉಗುರಿನಷ್ಟು ಅಗಲಕ್ಕೆ ಬೆಳ್ಳಗೆ ಉಬ್ಬಿತು. ಲ್ಯಾಮಿನೇಷನ್ ಅಲ್ಲಿಂದಲೇ ಏಳತೊಡಗಿತು. ಇಂಕ್‌ಜೆಟ್ ವಿನೈಲ್, ಅಂದರೆ ನಾವು ಪ್ರಿಂಟ್ ಹೊಡೆಯುವ ಪ್ಲಾಸ್ಟಿಕ್ ಸ್ಟಿಕ್ಕರ್ ಶೀಟ್, ಅದರ ಮೇಲೆ ಇಂಕ್ ಹೀರಲೆಂದು ಬಳಿದಿರುವ ಕೋಟಿಂಗ್ ನೀರನ್ನೂ ಹೀರುತ್ತದೆ. ಪ್ರಿಂಟ್ ಮತ್ತು ಲ್ಯಾಮಿನೇಷನ್ ಎರಡನ್ನೂ ಒಟ್ಟಿಗೆ ಕತ್ತರಿಸಿದರೆ ಆ ಕೋಟಿಂಗ್ ಅಂಚಿನಲ್ಲಿ ಬಾಯಿ ತೆರೆದುಕೊಂಡೇ ಇರುತ್ತದೆ. ಎಲ್ಲರೂ ಇಂಕ್ ಬೈಯುತ್ತಾರೆ, ಕಳ್ಳ ಇರುವುದು ಇಲ್ಲಿ.

ಹಾಗಾಗಿ ಈಗ ಎರಡು ಸಲ ಕತ್ತರಿಸುತ್ತೇನೆ. ಮೊದಲು ಹಿಂದಿನ ಪೇಪರ್‌ಗೆ ತಾಗದಂತೆ ವಿನೈಲ್ ಮಾತ್ರ ಕತ್ತರಿಸಿ, ಸುತ್ತಲಿನ ವೇಸ್ಟ್ ಎಬ್ಬಿಸಿ ತೆಗೆಯುತ್ತೇನೆ. ಆಮೇಲೆ ಇಡೀ ಶೀಟ್‌ಗೆ ಲ್ಯಾಮಿನೇಷನ್. ಎರಡನೇ ಕಟ್ ಮೂರು ಮಿಲಿಮೀಟರ್ ಹೊರಗೆ. ಅಂಟಿಸಿದಾಗ ಆ ಮೂರು ಮಿಲಿಮೀಟರ್ ಲ್ಯಾಮಿನೇಷನ್ನಿನ ಅಂಟು ನೇರವಾಗಿ ಗಾಡಿಯ ಪೇಂಟ್‌ಗೆ ಕೂತು ನೀರಿನ ದಾರಿ ಮುಚ್ಚುತ್ತದೆ. ಮೂಲೆಗಳನ್ನು ದುಂಡಗೆ ಮಾಡಿ, ಚೂಪು ಮೂಲೆ ಎದ್ದೇ ಏಳುತ್ತದೆ. ಪ್ರಿಂಟ್ ಆದಮೇಲೆ ಒಂದು ದಿನ ಫ್ಯಾನ್ ಕೆಳಗೆ ಒಣಗಲಿ, ಮಳೆಗಾಲದಲ್ಲಿ ಎರಡು ದಿನ. ಅವಸರ ಮಾಡಿದರೆ ಒಳಗೆ ಗುಳ್ಳೆ ಗ್ಯಾರಂಟಿ.

ಮಧ್ಯೆ ಲ್ಯಾಮಿನೇಷನ್ ಬದಲು ಕ್ಲಿಯರ್ ಸ್ಪ್ರೇಯನ್ನೂ ನೋಡಿದೆ. ಮಳೆಗೆ ಪರವಾಗಿಲ್ಲ, ಪೆಟ್ರೋಲ್ ಒಂದು ಹನಿ ಬಿದ್ದರೆ ಕಿತ್ತು ಬರುತ್ತದೆ. ಪಕ್ಕದ ಮನೆಯವರ ಚಟ್ನಿಪುಡಿ ಡಬ್ಬಕ್ಕೂ ಈ ಎರಡು ಕಟ್ಟಿನ ರೀತಿಯಲ್ಲೇ ಲೇಬಲ್ ಮಾಡಿಕೊಟ್ಟೆ. ಪಾತ್ರೆ ಸೋಪು, ನಾರು ಹಾಕಿ ದಿನಾ ಉಜ್ಜುತ್ತಾರೆ, ಮೇಲೆ ಗೀರು ಬಿದ್ದಿದೆ, ಅಂಚು ಮಾತ್ರ ಅಲ್ಲಾಡಿಲ್ಲ.

ಎ4 ಶೀಟ್ 20 ರೂಪಾಯಿ ಆಸುಪಾಸು, ಲ್ಯಾಮಿನೇಷನ್, ಇಂಕ್ ಸೇರಿ 35 ಅನ್ನಿ. ಒಂದು ಶೀಟ್‌ಗೆ ಹತ್ತು ಬಾವುಟ, ಒಂದಕ್ಕೆ 20 ರೂಪಾಯಿ. ನಿಲ್ಲಲ್ಲ ಅಂದಿದ್ದ ರೇಡಿಯಂ ಅಂಗಡಿಯವರೇ ಕಳೆದ ಅಕ್ಟೋಬರ್‌ನಲ್ಲಿ ನನ್ನ ಹತ್ತಿರ ಮಾಡಿಸಿಕೊಂಡು ಹೋದರು. ಯಾವ ಕಂಪನಿ ಇಂಕು, ಕೆಂಪು ಗಾಢವಾಗಿ ಬರಲು ಕಂಪ್ಯೂಟರ್‌ನ ಪ್ರಿಂಟರ್ ಡ್ರೈವರ್‌ನಲ್ಲಿ ಯಾವ ಪೇಪರ್ ಸೆಟ್ಟಿಂಗು ಅಂತ ಕೇಳಬೇಡಿ, ಅದು ನನ್ನ ಹೊಟ್ಟೆಪಾಡು. ಮ್ಯಾಟ್ ಪೇಪರ್, ಗ್ಲಾಸಿ ಪೇಪರ್ ಸೆಟ್ಟಿಂಗ್ ಎರಡರಲ್ಲೂ ಟೆಸ್ಟ್ ಪ್ರಿಂಟ್ ತೆಗೆದರೆ ನಿಮಗೇ ಸುಳಿವು ಸಿಗುತ್ತದೆ.

ಪೆಟ್ರೋಲ್ ಮುಚ್ಚಳದ ಸುತ್ತ ಮಾತ್ರ ಇದನ್ನೂ ಅಂಟಿಸಬೇಡಿ. ಅಲ್ಲಿ ಪೆಟ್ರೋಲ್ ಚೆಲ್ಲಿ ಅಂಟೇ ಕರಗುತ್ತದೆ, ಮೂರು ಮಿಲಿಮೀಟರ್ ಬದಲು ಹತ್ತು ಬಿಟ್ಟರೂ ಅಷ್ಟೇ.