ಆರು ಗಂಟೆಯ ಡಬ್ಬಿ ಸದ್ದು

ಚುಕ್ಕಿಯನ್ನು ಹಳ್ಳಿಮನೆಗೆ ಕರೆತಂದ ಮೊದಲ ದಿನವೇ ಕಳೆದುಕೊಂಡೆ. ತಪ್ಪು ನನ್ನದೇ. ಪುಣೆಯ ಕೋಥ್ರೂಡಿನ ಮೂರನೇ ಮಹಡಿಯ ಫ್ಲಾಟಿನಲ್ಲಿ ಕಿಟಕಿ ಜಾಳಿಗೆ ಮೂಗು ಒತ್ತಿಕೊಂಡು ಪಾರಿವಾಳ ನೋಡುತ್ತಾ ಬೆಳೆದ ಬೆಕ್ಕು ಅವಳು. ಪಾಪ, ಇಲ್ಲಾದರೂ ಆರಾಮಾಗಿ ಓಡಾಡಲಿ ಅಂತ ಅಂಗಳದಲ್ಲೇ ಬುಟ್ಟಿಯ ಬಾಗಿಲು ತೆರೆದೆ. ಅದೇ ಹೊತ್ತಿಗೆ ಪಕ್ಕದ ಗದ್ದೆಯಲ್ಲಿ ಟ್ರ್ಯಾಕ್ಟರ್ ಶುರುವಾಯಿತು. ಚುಕ್ಕಿ ಮಾಯ.

ಎರಡು ದಿನ ಹೆಸರು ಕೂಗುತ್ತಾ ಊರೆಲ್ಲಾ ಸುತ್ತಿದೆ. ಪಕ್ಕದ ಮನೆಯ ಆಜಿ ನೋಡಿ ನೋಡಿ ಬೇಸತ್ತು ಹೇಳಿದಳು: ಹಗಲು ಕೂಗಿದರೆ ಅದು ಬರಲ್ಲ, ಊರು ಮಲಗಿದ ಮೇಲೆ ಬ್ಯಾಟರಿ ಹಿಡಿದು ಬಾ. ರಾತ್ರಿ ಒಂದೂವರೆಗೆ ಹೋದೆ. ಆಜಿಯ ಹುಲ್ಲಿನ ಬಣವೆಯ ಸಂದಿಯಲ್ಲಿ ಎರಡು ಹಸಿರು ಕಣ್ಣು ಹೊಳೆದವು. ನಮ್ಮ ಮನೆಯಿಂದ ನಲವತ್ತು ಹೆಜ್ಜೆಯೂ ಇಲ್ಲ! ಹೆದರಿದ ಬೆಕ್ಕು ದೂರ ಹೋಗುವುದು ಕಡಿಮೆ. ಹತ್ತಿರದಲ್ಲೇ ಅಡಗಿ ಉಸಿರು ಬಿಡದೆ ಕೂರುತ್ತದೆ, ಸಾಕಿದವರು ಕರೆದರೂ ಓಗೊಡುವುದಿಲ್ಲ.

ನಮ್ಮ ಹಳ್ಳಿಮನೆ ಇರುವುದು ಪುಣೆ ಹತ್ತಿರದ ಮುಳಶಿ ತಾಲೂಕಿನಲ್ಲಿ. ಚಾಂದನಿ ಚೌಕ, ಭೂಗಾಂವ್, ಪಿರಂಗುಟ್ ಘಾಟು, ಪೌಡ್, ಅಲ್ಲಿಂದ ಇನ್ನೂ ಸ್ವಲ್ಪ ಒಳಗೆ. ಹತ್ತು ಗುಂಟೆ ಜಾಗ, ಎರಡು ಕೋಣೆ, ಒಂದು ಪಡಸಾಲೆ. ಸುತ್ತ ಆಂಬೇಮೋಹರ್ ಭತ್ತದ ಗದ್ದೆ. ಭತ್ತ ಅಂದ ಮೇಲೆ ಇಲಿ, ಇಲಿ ಅಂದ ಮೇಲೆ ಹಾವು. ಗುಡ್ಡದ ಕಡೆಯಿಂದ ಆಗಾಗ ಚಿರತೆ ಇಳಿದು ನಾಯಿ ಹೊತ್ತೊಯ್ಯುತ್ತದೆ. ಬೆಕ್ಕಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ, ಇದಕ್ಕಿಂತ ಕೆಟ್ಟ ಜಾಗವೂ ಇಲ್ಲ. ಹಗಲೆಲ್ಲಾ ಹೊರಗೆ, ಸಂಜೆ ಆರಕ್ಕೆ ಒಳಗೆ ಅನ್ನುವ ಒಂದೇ ನಿಯಮವನ್ನು ಪಟ್ಟು ಹಿಡಿದು ಪಾಲಿಸಿದ್ದು ಅದಕ್ಕೇ.

ಆದರೆ ಬೆಕ್ಕಿಗೆ ನಿಯಮ ಕಲಿಸುವುದು ಹೇಗೆ? ನಾಯಿಯ ಹಾಗೆ ಅದಕ್ಕೆ ನಮ್ಮ ಮರ್ಜಿ ಬೇಕಿಲ್ಲ. ಹೊಟ್ಟೆಯ ಮೂಲಕವೇ ಹೋಗಬೇಕು.

ಬಣವೆಯಿಂದ ಎತ್ತಿ ತಂದವಳನ್ನು ಮೂರು ವಾರ ಒಂದೇ ಕೋಣೆಯಲ್ಲಿಟ್ಟೆ. ಫ್ಲಾಟಿನಿಂದ ಅವಳ ಹಳೇ ಚಾದರ ತಂದು ಹಾಸಿದೆ, ತೊಳೆಯದೆ. ಆ ವಾಸನೆಯೇ ಅವಳಿಗೆ ಮನೆ. ಅಲ್ಲಿಯವರೆಗೆ ತಟ್ಟೆಯಲ್ಲಿ ಸದಾ ತಿನಿಸು ಬಿದ್ದಿರುತ್ತಿತ್ತು. ಅದನ್ನು ನಿಲ್ಲಿಸಿದೆ. ಬೆಳಗ್ಗೆ ಎಂಟಕ್ಕೆ ಒಂದು ಊಟ, ಸಂಜೆ ಆರಕ್ಕೆ ಒಂದು ಊಟ. ಕೊಡುವ ಮೊದಲು ಸ್ಟೀಲ್ ಡಬ್ಬಿಯಲ್ಲಿ ಒಂದು ಹಿಡಿ ಕಾಳು, ಅಂದರೆ ಬೆಕ್ಕಿನ ಪಾಕೀಟಿನ ಒಣ ತಿನಿಸು, ಹಾಕಿ ಜೋರಾಗಿ ಅಲ್ಲಾಡಿಸುವುದು. ವಾರದೊಳಗೆ ಡಬ್ಬಿ ಸದ್ದಾದರೆ ಸಾಕು, ಬಾಲ ನಿಗುರಿಸಿ ಓಡಿ ಬರುತ್ತಿದ್ದಳು. ಆಮೇಲೆ ಸಂಜೆ ಐದೂವರೆಗೆ, ಹಸಿವಾದಾಗ, ಅರ್ಧ ಗಂಟೆ ಮಾತ್ರ ಬಾಗಿಲು ತೆರೆದೆ. ಮೊದಲ ದಿನ ನನ್ನ ಎದೆ ಡವಡವ. ಆರಕ್ಕೆ ಡಬ್ಬಿ ಅಲ್ಲಾಡಿಸಿದೆ, ಬಂದಳು. ದಿನ ದಿನ ಸಮಯ ಹೆಚ್ಚಿಸುತ್ತಾ ಹೋದೆ.

ಅವಳನ್ನು ಹೊರಗೆ ಬಿಡುವ ಮೊದಲೇ ಮಾಡಿಸಿದ್ದು ಎರಡು ಕೆಲಸ. ಒಂದು, ಲಸಿಕೆ, ರೇಬೀಸಿನದೂ ಸೇರಿ. ಇನ್ನೊಂದು, ಸಂತಾನಹರಣ. ನಾಲ್ಕೈದು ತಿಂಗಳಿಗೇ ಬೆಕ್ಕು ಗಬ್ಬವಾಗಬಹುದು, ಸುಮಾರು ಒಂಬತ್ತು ವಾರಕ್ಕೆ ಮರಿ ಹಾಕಿಬಿಡುತ್ತದೆ. ಊರಿನ ದೊಡ್ಡ ಬೋಕ್ಯಾ, ಅಂದರೆ ಗಂಡು ಬೆಕ್ಕು, ಒಬ್ಬ ನಮ್ಮ ಕಾಂಪೌಂಡ್ ಮೇಲೆ ಕೂತು ಹಾಡು ಶುರು ಮಾಡಿದಾಗ, ಆ ಕೆಲಸ ಮುಗಿಸಿದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಊಟದ ವಿಷಯಕ್ಕೆ ಮನೆಯಲ್ಲಿ ದೊಡ್ಡ ಜಗಳವೇ ಆಯಿತು. ನಮ್ಮದು ಧಾರವಾಡ ಕಡೆಯ ಸಸ್ಯಾಹಾರಿ ಮನೆ. ಅಲ್ಲಿ ಬೆಕ್ಕಿಗೆ ಹಾಲನ್ನ ಬಿಟ್ಟು ಬೇರೆ ಏನೂ ಹಾಕಿದ್ದೇ ಇಲ್ಲ. ಫೋನಿನಲ್ಲಿ ಅವ್ವ ನಕ್ಕಳು: "ಬೆಕ್ಕಿಗೆ ಪಾಕೀಟಿನ ಊಟ ಬೇಕಾತೇನೋ ಈಗ?" ಆದರೆ ಆ ಹಾಲನ್ನದ ಬೆಕ್ಕುಗಳು ಅಟ್ಟದ ಮೇಲೆ ಇಲಿ ಹೊಡೆದು ತಿಂದೇ ಬದುಕಿದ್ದವು, ನಾವು ನೋಡಿರಲಿಲ್ಲ ಅಷ್ಟೇ. ಬೆಕ್ಕಿಗೆ ಟಾರಿನ್ ಅನ್ನುವ ಅಂಶ ಬೇಕು, ಅದು ಸಿಗುವುದು ಮಾಂಸ, ಮೀನಿನಲ್ಲಿ. ಸಿಗದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಬೆಳೆದ ಬೆಕ್ಕಿಗೆ ಹಾಲು ಸಾಮಾನ್ಯವಾಗಿ ಅರಗುವುದೂ ಇಲ್ಲ. ಚುಕ್ಕಿಗೆ ಒಂದು ಬಟ್ಟಲು ಕೊಟ್ಟ ಮರುದಿನ ನಾನೇ ನೆಲ ಒರೆಸಿದ್ದು. ಕೊನೆಗೆ ಒಪ್ಪಂದ ಆಯಿತು. ಬೆಕ್ಕಿನ ಕಾಳು ನಮ್ಮ ಮನೆಯಲ್ಲಿ, ಮೀನು ಆಜಿಯ ಮನೆಯಲ್ಲಿ. ಆಜಿ ಸುಕಟ, ಅಂದರೆ ಒಣ ಸಿಗಡಿ, ಹಾಕುತ್ತಿದ್ದಳು. ಉಪ್ಪು ಜಾಸ್ತಿ, ತೊಳೆದು ಹಾಕಿ ಅಂತ ಬೇಡಿಕೊಂಡೆ. ತೊಳೆಯುತ್ತೇನೆ ಅಂದಳು. ತೊಳೆಯುತ್ತಾಳೋ ಇಲ್ಲವೋ, ದೇವರಿಗೇ ಗೊತ್ತು.

ಬೆಕ್ಕಿದ್ದರೆ ಹಾವು ಬರಲ್ಲ ಅಂತಾರೆ. ನಮ್ಮಲ್ಲಿ ಬೆಕ್ಕೇ ಹಾವು ತಂದಿತು. ಮೊಳದುದ್ದದ ಕೆರೆಹಾವಿನ ಮರಿ, ಜೀವಂತ. ಮಧ್ಯಾಹ್ನದ ನಿದ್ದೆಯಲ್ಲಿದ್ದ ನನ್ನ ಕಾಲ ಬಳಿ ತಂದಿಟ್ಟು, ಹೊಗಳಿಕೆಗೆ ಕಾಯುತ್ತಾ ಕೂತಿದ್ದಳು. ಅದಕ್ಕೆ ವಿಷವಿಲ್ಲ, ಸರಿ. ಆದರೆ ಈ ಕಡೆ ಘೋಣಸ್ ಇದೆ, ಅಂದರೆ ನಮ್ಮ ಕೊಳಕುಮಂಡಲ. ಅದು ಹೆಚ್ಚಾಗಿ ರಾತ್ರಿಯೇ ಓಡಾಡುವುದು. ಮಳೆಗಾಲದ ಒಂದು ಸಂಜೆ ಚುಕ್ಕಿ ಚಪ್ಪಲಿ ಗೂಡನ್ನೇ ದಿಟ್ಟಿಸುತ್ತಾ ಕೂತಳು. ಬಾಲ ಬಾಟಲಿ ತೊಳೆಯುವ ಬ್ರಷ್ಷಿನ ಹಾಗೆ ಉಬ್ಬಿತ್ತು. ಕರೆದರೆ ಕದಲಲಿಲ್ಲ. ಹಿಂದಿನಿಂದ ಟವೆಲ್ ಹಾಕಿ ಎತ್ತಿ ಒಳಗೆ ಕೂಡಿಹಾಕಿ, ಹಾವು ಹಿಡಿಯುವ ಸರ್ಪಮಿತ್ರನಿಗೆ ಫೋನ್ ಮಾಡಿದೆ. ಗೂಡಿನ ಹಿಂದೆ ಘೋಣಸ್ ಸುರುಳಿ ಸುತ್ತಿಕೊಂಡಿತ್ತು, ಕುಕ್ಕರ್ ಸೀಟಿಯ ಹಾಗೆ ಬುಸುಗುಡುತ್ತಿತ್ತು. ಅವತ್ತಿನಿಂದ ಬೆಕ್ಕು ಒಂದೇ ಕಡೆ ನೋಡುತ್ತಾ ಕೂತರೆ ನಾನು ಕೈ ಹಾಕುವುದಿಲ್ಲ, ಮೊದಲು ದೀಪ ಹಾಕುತ್ತೇನೆ.

ಹಾವಿಗಿಂತ ನನಗೆ ಹೆಚ್ಚು ಭಯ ಇಲಿ ಪಾಷಾಣದ್ದು. ಪಾಷಾಣ ತಿಂದು ತೂರಾಡುವ ಇಲಿಯೇ ಬೆಕ್ಕಿಗೆ ಸುಲಭದ ಬೇಟೆ. ಆ ಇಲಿಯಿಂದ ಬೆಕ್ಕಿಗೂ ವಿಷ ಏರಬಹುದು. ಸುಗ್ಗಿಗೆ ಮೊದಲು ಅಕ್ಕಪಕ್ಕದ ನಾಲ್ಕು ಮನೆಗೆ ಹೋಗಿ ಮಾತಾಡಿದೆ. ಬೆಕ್ಕಿಗಾಗಿ ಪಾಷಾಣ ಬಿಡಿ ಅಂದರೆ ಯಾರು ಕೇಳುತ್ತಾರೆ? ಅವರಿಗೆ ಭತ್ತ ಮುಖ್ಯ, ತಪ್ಪೇನಿಲ್ಲ. ಅದಕ್ಕೆ ಐದು ಇಲಿ ಬೋನು ಕೊಂಡು ಹಂಚಿದೆ. ಮೂರು ಮನೆಯವರು ಒಪ್ಪಿದರು. ನಾಲ್ಕನೆಯವರು ಬೋನು ಇಟ್ಟುಕೊಂಡರು, ಪಾಷಾಣವನ್ನೂ ಇಟ್ಟರು. ಆ ಹದಿನೈದು ದಿನ ಚುಕ್ಕಿಗೆ ಹೊರಗೆ ಬಿಡುಗಡೆ ಇಲ್ಲ, ನಮಗೆ ನಿದ್ದೆ ಇಲ್ಲ.

ಮನೆಯೊಳಗೂ ಅಪಾಯ ಕಡಿಮೆಯೇನಿಲ್ಲ. ಒಂದು ಸಲ ಮೈ ಬಿಸಿಯಾಗಿ ಮುದುಡಿ ಮಲಗಿದ್ದಳು. "ಅದಕ್ಕೂ ಕಾಲು ಗುಳಿಗಿ ಕೊಡೋಣೇನ್ರೀ?" ಅಂದಳು ನನ್ನಾಕೆ, ಕೈಯಲ್ಲಿ ಪ್ಯಾರಸಿಟಮಾಲ್. ಪುಣ್ಯಕ್ಕೆ ಡಾಕ್ಟರಿಗೆ ಮೊದಲು ಫೋನ್ ಮಾಡಿದೆವು. ಆತ ಅಕ್ಷರಶಃ ಕಿರುಚಿದ. ಒಂದೇ ಗುಳಿಗೆ ಬೆಕ್ಕನ್ನು ಕೊಲ್ಲಬಹುದು. ಹಾಗೆಯೇ ನಾಯಿಗೆ ಹಾಕುವ ಉಣ್ಣೆ ಔಷಧಿಗಳು. ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇರುವುದನ್ನು ಬೆಕ್ಕಿನ ಮೈಗೆ ಹಚ್ಚಲೇಬಾರದು. ಮಳೆಗಾಲದಲ್ಲಿ ಉಣ್ಣೆ, ಚಿಗಟ ಇದ್ದದ್ದೇ, ಬೆಕ್ಕಿನದೇ ಔಷಧಿ ಕೇಳಿ ತರಬೇಕು.

ಮುಳಶಿಯ ಮಳೆ ನೋಡಿದವರಿಗೇ ಗೊತ್ತು. ಜುಲೈನಲ್ಲಿ ದಿನಗಟ್ಟಲೆ ಬಿಡುವುದಿಲ್ಲ. ಚುಕ್ಕಿ ಬಾಗಿಲಿಗೆ ಬಂದು ಹೊರಗೆ ನೋಡಿ, ಈ ಮಳೆ ನನ್ನದೇ ಕೆಲಸ ಅನ್ನುವ ಹಾಗೆ ನನ್ನ ಕಡೆ ತಿರುಗುತ್ತಾಳೆ. ಆಗ ಕಕ್ಕಸಿಗೆ ಒಳಗೆ ತೊಟ್ಟಿ ಬೇಕೇ ಬೇಕು. ಮರಳು ಒಣಗುವುದಿಲ್ಲ. ಗಿರಣಿಯಿಂದ ಭತ್ತದ ಹೊಟ್ಟು ತಂದೆ, ಅದು ನೀರು ಹೀರದೆ ಮನೆಯೆಲ್ಲಾ ಹಾರಾಡಿತು. ಕೊನೆಗೆ ಕಟ್ಟಿಗೆ ಕೊಯ್ಯುವ ಮಿಲ್ಲಿನ ಗರಗಸದ ಪುಡಿ ಸರಿಹೋಯಿತು. ಬೇಸಿಗೆಯಲ್ಲೇ ಮೂರು ಚೀಲ ತುಂಬಿಸಿಡುತ್ತೇನೆ.

ಮೊದಲ ವರ್ಷ ಪ್ರತಿ ವಾರ ಅವಳನ್ನು ಪುಣೆಗೆ ಒಯ್ದು ತರುತ್ತಿದ್ದೆವು. ಅದು ಮಾತ್ರ ಸರಿಹೋಗಲೇ ಇಲ್ಲ. ನಾಲ್ಕು ಗಂಟೆ ಮೊದಲೇ ಊಟ ನಿಲ್ಲಿಸಿದೆ, ಬುಟ್ಟಿಗೆ ಬಟ್ಟೆ ಮುಚ್ಚಿದೆ, ಸೀಟಿನ ಕೆಳಗಿಟ್ಟೆ. ಆದರೂ ಪಿರಂಗುಟ್ ಘಾಟಿಗೆ ವಾಂತಿ, ಭೂಗಾಂವಿನ ಟ್ರಾಫಿಕ್ಕಿಗೆ ಅಳು. ಫ್ಲಾಟಿನಲ್ಲಿ ಎರಡು ದಿನ ಮಂಚದ ಕೆಳಗೆ. ಬೆಕ್ಕಿಗೆ ಜನಕ್ಕಿಂತ ಜಾಗ ದೊಡ್ಡದು ಅಂತ ಆಗ ಅರ್ಥವಾಯಿತು. ನಾನು ನಿವೃತ್ತನಾದ ಮೇಲೆ ಲೆಕ್ಕ ಉಲ್ಟಾ ಮಾಡಿದೆವು. ಚುಕ್ಕಿ ಇಲ್ಲೇ, ಪುಣೆಗೆ ಓಡಾಡುವುದು ನಾವು.

ಹೋದ ತಿಂಗಳು ಮದುವೆಗೆ ಅಂತ ನಾಲ್ಕು ದಿನ ಧಾರವಾಡಕ್ಕೆ ಹೋಗಿದ್ದೆವು. ಡಬ್ಬಿ, ಕೀಲಿ ಎರಡನ್ನೂ ಆಜಿಗೆ ಕೊಟ್ಟಿದ್ದೆ. ವಾಪಸ್ ಬಂದರೆ ಚುಕ್ಕಿ ನಮ್ಮ ಮುಖ ನೋಡಲಿಲ್ಲ. "ಮನೀ ಆತಾ ಮಾಝೀ ಝಾಲೀ," ಅಂದರೆ ಬೆಕ್ಕು ಈಗ ನನ್ನದಾಯಿತು, ಅಂದಳು ಆಜಿ. ಮರಾಠಿಯಲ್ಲಿ ಮನೀ ಅಂದರೆ ಬೆಕ್ಕು. ಸಂಜೆ ಆರಕ್ಕೆ ನಾನು ಬೇರೆ ಡಬ್ಬಿ ಅಲ್ಲಾಡಿಸಿದೆ. ಅದೇ ಹೊತ್ತಿಗೆ ಗೋಡೆಯ ಆಚೆ ಆಜಿಯೂ ಅಭ್ಯಾಸಬಲದಿಂದ ಅಲ್ಲಾಡಿಸಿದಳು. ಚುಕ್ಕಿ ಕಾಂಪೌಂಡ್ ಗೋಡೆಯ ಮೇಲೆ ನಿಂತು ಎರಡೂ ಕಡೆ ನೋಡಿ, ಮೊದಲು ಅಲ್ಲಿ ಉಂಡು, ಆಮೇಲೆ ಇಲ್ಲಿಗೆ ಬಂದು ಉಂಡಳು. ವಾರಗಟ್ಟಲೆ ಹೀಗೇ ನಡೆದಿದ್ದು ನಮಗೆ ಗೊತ್ತಾದದ್ದು ಡಾಕ್ಟರು ತಕ್ಕಡಿಗೆ ಹಾಕಿದಾಗ. ನಾಲ್ಕು ಕಿಲೋ ಇದ್ದವಳು ಐದರ ಹತ್ತಿರ. ಈಗ ಬೆಳಗಿನ ಊಟ ಆಜಿಯದು, ಸಂಜೆಯದು ನನ್ನದು. ಸುಕಟ ಭಾನುವಾರ ಮಾತ್ರ.